ಗ್ರೀಕ್ ಅಕ್ಷರ ಯಾವ ಗಣಿತ ಸಾಫ್ಟ್‌ವೇರಲ್ಲಿ ನೆಟ್ಟಗೆ ಕೂರುತ್ತೆ: ಜೂಲಿಯಾ, ಪೈಥಾನ್, ಮ್ಯಾಥಮ್ಯಾಟಿಕಾ, ಮ್ಯಾಟ್‌ಲ್ಯಾಬ್ ಎಲ್ಲಾ ಬಳಸಿ ನೋಡಿದ ಹೋಲಿಕೆ

ಆಲ್ಫಾ, ಒಮೆಗಾ, ಮ್ಯೂ ಇವನ್ನೆಲ್ಲ ಕೋಡಲ್ಲಿ ಟೈಪ್ ಮಾಡೋದು ಹೇಗೆ ಅಂತ ಕೇಳಿದ್ರೆ ಎಲ್ಲರೂ ಒಂದೊಂದು ಶಾರ್ಟ್‌ಕಟ್ ಹೇಳಿ ಮುಗಿಸಿಬಿಡ್ತಾರೆ. ಟೈಪ್ ಮಾಡೋದು ಸುಲಭದ ಕೆಲಸ ಕಣ್ರೀ, ಎರಡು ದಿನ ಬಳಸಿದ್ರೆ ಕೈಗೆ ಬರುತ್ತೆ. ತಲೆನೋವು ಶುರುವಾಗೋದು ಆ ಫೈಲನ್ನ ಸೇವ್ ಮಾಡಿ ಇನ್ನೊಂದು ಪ್ರೋಗ್ರಾಂನಲ್ಲಿ ತೆಗೆದಾಗ, ಇಲ್ಲಾಂದ್ರೆ ಬೇರೆಯವರ ಕಂಪ್ಯೂಟರಿಗೆ ಕಳಿಸಿದಾಗ, ಇಲ್ಲಾಂದ್ರೆ ಗ್ರಾಫ್ ಮಾಡಿ ರಿಪೋರ್ಟಿಗೆ ಹಾಕಿದಾಗ. ಅಕ್ಷರ ಇದ್ದ ಜಾಗದಲ್ಲಿ ಚೌಕ ಡಬ್ಬಿ, ಪ್ರಶ್ನೆ ಚಿಹ್ನೆ, ಇಲ್ಲಾ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಇದೆಲ್ಲಕ್ಕಿಂತ ಕೆಟ್ಟದ್ದು ಅಂದ್ರೆ ಕಣ್ಣಿಗೆ ಸರಿಯಾಗೇ ಕಾಣುತ್ತೆ ಆದ್ರೆ ಪ್ರೋಗ್ರಾಂ ಮಾತ್ರ ಈ ಹೆಸರಿನ ವೇರಿಯೇಬಲ್ಲೇ ಇಲ್ಲ ಅನ್ನುತ್ತೆ.

ಅದಕ್ಕೆ ನಾನು ಹೋಲಿಸಿ ನೋಡಿದ್ದು ಹೀಗೆ. ಒಂದೇ ಸಣ್ಣ ಲೆಕ್ಕ, ಸ್ಪ್ರಿಂಗಿಗೆ ಕಟ್ಟಿದ ತೂಕ ಆಡ್ತಾ ಆಡ್ತಾ ನಿಧಾನಕ್ಕೆ ನಿಲ್ಲೋದು, ಅದರಲ್ಲಿ ಒಮೆಗಾ ಸೊನ್ನೆ ಇದೆ, ಝೀಟಾ ಇದೆ, ಅಳತೆ ಮೈಕ್ರೋಮೀಟರಲ್ಲಿ ಇದೆ. ಇದನ್ನ ಪ್ರತಿಯೊಂದು ಸಾಫ್ಟ್‌ವೇರಲ್ಲೂ ಬರೆಯೋದು, ಗ್ರಾಫ್ ಹಾಕೋದು, ಸಿಎಸ್‌ವಿ (ಕಾಮಾ ಹಾಕಿ ಬೇರ್ಪಡಿಸಿದ ಅಂಕಿಗಳ) ಫೈಲಾಗಿ ಸೇವ್ ಮಾಡೋದು, ಆಮೇಲೆ ಲೇಟೆಕ್ (ಗಣಿತದ ಬರಹವನ್ನ ಅಚ್ಚಿಗೆ ಜೋಡಿಸೋ ಪ್ರೋಗ್ರಾಂ) ರಿಪೋರ್ಟಿಗೆ ಸೇರಿಸೋದು. ವಿಂಡೋಸ್ ಮತ್ತೆ ಲಿನಕ್ಸ್ ಎರಡರಲ್ಲೂ ಮಾಡಿದೆ, ಯಾಕಂದ್ರೆ ಲಿನಕ್ಸಲ್ಲಿ ಸಲೀಸಾಗಿ ನಡೆಯೋದು ವಿಂಡೋಸಲ್ಲಿ ಕೈ ಕೊಡೋದು ಈ ವಿಷಯದಲ್ಲಿ ಮಾಮೂಲು.

ಮೊದಲು ಒಂದು ಮಾತು ಗೊತ್ತಿರಲಿ, ಯೂನಿಕೋಡಲ್ಲಿ ಪ್ರತಿ ಅಕ್ಷರಕ್ಕೂ ಒಂದು ನಂಬರ್ ಇರುತ್ತೆ. ಸಣ್ಣ ಆಲ್ಫಾ 945. ಗ್ರೀಕ್ ಮ್ಯೂ 956. ಆದ್ರೆ ಮೈಕ್ರೋ ಚಿಹ್ನೆ ಅಂತ ಬೇರೆಯೇ ಒಂದಿದೆ, ಅದರ ನಂಬರ್ 181, ನೋಡೋಕೆ ಮ್ಯೂ ಥರಾನೇ. ಎಪ್ಸಿಲಾನ್ ಎರಡು ಇದೆ, 949 ಮತ್ತು 1013. ಫೈ ಕೂಡ ಎರಡು, 966 ಮತ್ತು 981. ದೊಡ್ಡ ಸಿಗ್ಮಾ 931, ಆದ್ರೆ ಸಮ್ಮೇಷನ್ ಚಿಹ್ನೆ 8721. ಡೆಲ್ಟಾ 916, ಇನ್ಕ್ರಿಮೆಂಟ್ ಚಿಹ್ನೆ 8710. ಈ ಅವಳಿಜವಳಿಗಳನ್ನ ಒಂದೊಂದು ಸಾಫ್ಟ್‌ವೇರ್ ಒಂದೊಂದು ಥರ ನೋಡುತ್ತೆ, ಅಸಲಿ ವ್ಯತ್ಯಾಸ ಇರೋದು ಇಲ್ಲೇ.

ಜೂಲಿಯಾ

ಟೈಪ್ ಮಾಡೋ ಸುಖಕ್ಕೆ ಜೂಲಿಯಾ ಮೊದಲನೇ ಸ್ಥಾನ, ಇದರಲ್ಲಿ ಎರಡು ಮಾತಿಲ್ಲ. ಬ್ಯಾಕ್‌ಸ್ಲ್ಯಾಶ್ ಹಾಕಿ ಇಂಗ್ಲಿಷಲ್ಲಿ ಒಮೆಗಾ ಅಂತ ಬರೆದು ಟ್ಯಾಬ್ ಒತ್ತಿದ್ರೆ ಒಮೆಗಾ ಬಂತು. ಅದರ ಹಿಂದೆನೇ ಬ್ಯಾಕ್‌ಸ್ಲ್ಯಾಶ್, ಅಂಡರ್‌ಸ್ಕೋರ್, ಸೊನ್ನೆ, ಮತ್ತೆ ಟ್ಯಾಬ್, ಕೆಳಗೆ ಪುಟ್ಟ ಸೊನ್ನೆ ಬಂತು. ಲೇಟೆಕ್ ಗೊತ್ತಿರೋರಿಗೆ ಹೊಸದಾಗಿ ಕಲಿಯೋದು ಏನೂ ಇಲ್ಲ. ಟರ್ಮಿನಲ್, ಜುಪಿಟರ್ ನೋಟ್‌ಬುಕ್, ವಿಎಸ್ ಕೋಡ್ ಎಡಿಟರ್ ಎಲ್ಲಾ ಕಡೆ ಇದೇ ಪದ್ಧತಿ. ಯಾರದೋ ಕೋಡಲ್ಲಿ ಗೊತ್ತಿಲ್ಲದ ಚಿಹ್ನೆ ಸಿಕ್ತು ಅಂದ್ರೆ ಟರ್ಮಿನಲಲ್ಲಿ ಪ್ರಶ್ನೆ ಚಿಹ್ನೆ ಒತ್ತಿ ಹೆಲ್ಪಿಗೆ ಹೋಗಿ ಅದನ್ನ ಪೇಸ್ಟ್ ಮಾಡಿದ್ರೆ ಇದನ್ನ ಟೈಪ್ ಮಾಡೋದು ಹೀಗೆ ಅಂತ ಅದೇ ಹೇಳಿಕೊಡುತ್ತೆ, ಈ ಒಂದು ಸೌಲಭ್ಯ ಬೇರೆಯವರೂ ಕದಿಯಬೇಕು ಅನ್ನಿಸುತ್ತೆ.

ಫಾರ್ಮುಲಾ ಪುಸ್ತಕದಲ್ಲಿರೋ ಹಾಗೇ ಬರೀಬಹುದು ಅಂತ ಖುಷಿಯಾಗಿ ಎರಡು ಝೀಟಾ ಒಮೆಗಾ ಸೊನ್ನೆ ಅಂತ ಅಂಟಿಸಿ ಬರೆದ್ರೆ ಮಾತ್ರ ಪೆಟ್ಟು. ಎರಡು ಮತ್ತು ಝೀಟಾ ಅಂಟಿಕೊಂಡ್ರೆ ಗುಣಾಕಾರ ಅಂತ ಅರ್ಥ ಆಗುತ್ತೆ, ಆದ್ರೆ ಝೀಟಾ ಒಮೆಗಾ ಅಂಟಿಕೊಂಡ್ರೆ ಅದು ಎರಡಕ್ಷರದ ಒಂದೇ ಹೆಸರು, ಅಂಥ ವೇರಿಯೇಬಲ್ ಇಲ್ಲ ಅಂತ ಎರರ್ ಬರುತ್ತೆ. ಎರರ್ ಬಂದ್ರೆ ಪುಣ್ಯ. ಒಮೆಗಾ ಮೇಲೆ ಪುಟ್ಟ ಎರಡು ಹಾಕಿದ್ರೆ ವರ್ಗ ಅಂದ್ಕೋತೀವಿ, ಜೂಲಿಯಾಗೆ ಅದು ಒಮೆಗಾ-ಎರಡು ಅನ್ನೋ ಇನ್ನೊಂದು ಹೆಸರು ಅಷ್ಟೇ. ಅದೇ ಪುಟ್ಟ ಎರಡನ್ನ ಜಿಯೋಜಿಬ್ರಾದಲ್ಲಿ ಹಾಕಿದ್ರೆ ನಿಜವಾಗ್ಲೂ ವರ್ಗ ಆಗುತ್ತೆ, ಪೈಥಾನಲ್ಲಿ ಹಾಕಿದ್ರೆ ಈ ಅಕ್ಷರ ನಡೆಯಲ್ಲ ಅಂತ ಸಿಂಟ್ಯಾಕ್ಸ್ ಎರರ್. ಒಂದೇ ಗುರುತಿಗೆ ಮೂರು ಕಡೆ ಮೂರು ನ್ಯಾಯ.

ಅವಳಿಗಳ ವಿಷಯಕ್ಕೆ ಬಂದ್ರೆ ಜೂಲಿಯಾ 181ರ ಮೈಕ್ರೋ ಚಿಹ್ನೆಯನ್ನೂ 956ರ ಮ್ಯೂ ಅಕ್ಷರವನ್ನೂ ವೇರಿಯೇಬಲ್ ಹೆಸರಲ್ಲಿ ಒಂದೇ ಅಂತ ತಗೊಳುತ್ತೆ, ಒಳ್ಳೇದು. ಆದ್ರೆ ಎಪ್ಸಿಲಾನ್ ಎರಡನ್ನೂ ಬೇರೆ ಬೇರೆ ಅಂತಾನೇ ಲೆಕ್ಕ. ಬ್ಯಾಕ್‌ಸ್ಲ್ಯಾಶ್ ಎಪ್ಸಿಲಾನ್ ಅಂತ ಬರೆದ್ರೆ 1013 ಬರುತ್ತೆ, ವಾರ್ ಸೇರಿಸಿ ವಾರ್‌ಎಪ್ಸಿಲಾನ್ ಅಂದ್ರೆ 949 ಬರುತ್ತೆ. ಗ್ರೀಕ್ ಕೀಬೋರ್ಡಿಂದ ನೇರವಾಗಿ ಒತ್ತಿದ್ರೂ 949. ಹಾಗಾಗಿ ಒಬ್ಬರು ಟ್ಯಾಬ್ ಒತ್ತಿ ಬರೆದ ಫೈಲಿಗೆ ಇನ್ನೊಬ್ಬರು ವಿಕಿಪೀಡಿಯಾದಿಂದ ಕಾಪಿ ಮಾಡಿದ ಎಪ್ಸಿಲಾನ್ ಸೇರಿಸಿದ್ರೆ ಎರಡು ವೇರಿಯೇಬಲ್ ಹುಟ್ಟಿಕೊಳ್ತವೆ. ಫೈ ಅಕ್ಷರಕ್ಕೂ ಇದೇ ಕಥೆ, ಮೇಲಾಗಿ ಫೈ ಆಕಾರ ಫಾಂಟಿಂದ ಫಾಂಟಿಗೆ ಬದಲಾಗೋದ್ರಿಂದ ಕಣ್ಣಲ್ಲಿ ನೋಡಿ ಇದು ಯಾವ ಫೈ ಅಂತ ಹೇಳೋಕೇ ಆಗಲ್ಲ.

ಪೈಥಾನ್

ಪೈಥಾನ್ 3 ಬಂದಾಗಿಂದ, ಅಂದ್ರೆ 2008ರಿಂದ, ವೇರಿಯೇಬಲ್ ಹೆಸರಲ್ಲಿ ಗ್ರೀಕ್ ಹಾಕಬಹುದು. ಲ್ಯಾಂಬ್ಡಾ ಅನ್ನೋ ಇಂಗ್ಲಿಷ್ ಪದ ಪೈಥಾನಿನ ಸ್ವಂತ ಕೀವರ್ಡ್ ಆಗಿರೋದ್ರಿಂದ ತರಂಗಾಂತರಕ್ಕೆ ಆ ಹೆಸರು ಇಡೋಕಾಗಲ್ಲ, ಗ್ರೀಕ್ ಲ್ಯಾಂಬ್ಡಾ ಅಕ್ಷರ ಮಾತ್ರ ಆರಾಮಾಗಿ ನಡೆಯುತ್ತೆ. ಪೈಥಾನಿನ ಬೀಜಗಣಿತ ಲೈಬ್ರರಿ ಸಿಂಪೈನವರು ಇದಕ್ಕೇ ಒಂದು ಉಪಾಯ ಮಾಡಿ ಸ್ಪೆಲಿಂಗಲ್ಲಿ ಬಿ ಅಕ್ಷರ ಕಿತ್ತಾಕಿ ಲ್ಯಾಮ್ಡಾ ಅಂತ ಹೆಸರಿಟ್ಟಿದ್ದಾರೆ. ಸಿಂಪೈನಲ್ಲೇ ಬೀಟಾ, ಗ್ಯಾಮಾ, ಝೀಟಾ ಇವೆಲ್ಲ ಫಂಕ್ಷನ್ ಹೆಸರುಗಳು, ಎಲ್ಲಾ ಒಟ್ಟಿಗೆ ಇಂಪೋರ್ಟ್ ಮಾಡ್ಕೊಂಡು ಕೂತಿದ್ರೆ ನಮ್ಮ ಡ್ಯಾಂಪಿಂಗಿನ ಝೀಟಾ ರೀಮಾನನ ಝೀಟಾ ಮೇಲೆ ಹೋಗಿ ಕೂರುತ್ತೆ.

ಟೈಪಿಂಗ್ ವಿಷಯದಲ್ಲಿ ಐಪೈಥಾನ್ ಮತ್ತು ಜುಪಿಟರಲ್ಲಿ ಜೂಲಿಯಾ ಥರಾನೇ ಬ್ಯಾಕ್‌ಸ್ಲ್ಯಾಶ್ ಟ್ಯಾಬ್ ಇದೆ, ಆ ಪಟ್ಟಿಯನ್ನೇ ಜೂಲಿಯಾದಿಂದ ತಗೊಂಡಿರೋದು. ಆದ್ರೆ ವಿಎಸ್ ಕೋಡಲ್ಲಿ ಮಾಮೂಲಿ ಪೈಥಾನ್ ಫೈಲ್ ತೆಗೆದ್ರೆ ಅದಿಲ್ಲ, ಎಕ್ಸ್‌ಟೆನ್ಶನ್ ಹಾಕೋಬೇಕು. ಜೊತೆಗೆ ವಿಎಸ್ ಕೋಡ್ ಆಲ್ಫಾ ಕಂಡ ತಕ್ಷಣ ಹಳದಿ ಚೌಕ ಸುತ್ತಿ, ಇದು ಇಂಗ್ಲಿಷ್ ಎ ಜೊತೆ ಗೊಂದಲ ಆಗಬಹುದು ಅಂತ ಎಚ್ಚರಿಕೆ ಕೊಡುತ್ತೆ, ರೋ ಕಂಡ್ರೆ ಇಂಗ್ಲಿಷ್ ಪಿ ಅಂತ. ಕಿರಿಕಿರಿ ಅನ್ನಿಸಿದ್ರೂ ಅದನ್ನ ಆಫ್ ಮಾಡಬೇಡಿ, ಯಾಕೆ ಅಂತ ಕೀಬೋರ್ಡ್ ವಿಷಯ ಬಂದಾಗ ಹೇಳ್ತೀನಿ.

ಜೂಲಿಯಾದಲ್ಲಿ ಬರೆದ ಒಮೆಗಾ-ಕೆಳಗೆ-ಸೊನ್ನೆ ಇಲ್ಲಿಗೆ ಪೇಸ್ಟ್ ಮಾಡಿದ್ರೆ ನಡೆಯಲ್ಲ, ಪುಟ್ಟ ಸೊನ್ನೆ ಪೈಥಾನಿಗೆ ಆಗಿ ಬರಲ್ಲ. ಪಿಡಿಎಫ್‌ನಿಂದ ಕಾಪಿ ಮಾಡಿದ ಮೈನಸ್ ಕೂಡ ಹಾಗೇ, ಅದು ಕೀಬೋರ್ಡಿನ ಮೈನಸ್ ಅಲ್ಲ, 8722ನೇ ನಂಬರಿನ ಗಣಿತದ ಮೈನಸ್, ಎರರ್ ಬರುತ್ತೆ. ಎರರ್ ಮೆಸೇಜಲ್ಲೇ ಅಕ್ಷರದ ನಂಬರ್ ಕೊಡೋದ್ರಿಂದ ಹುಡುಕೋದು ಸುಲಭ.

ಆದ್ರೆ ಪೈಥಾನಲ್ಲಿ ನಿಜವಾಗಿ ಸೂಕ್ಷ್ಮವಾದ ವಿಷಯ ಬೇರೆ ಇದೆ. ವೇರಿಯೇಬಲ್ ಹೆಸರುಗಳನ್ನ ಪೈಥಾನ್ ಒಳಗೊಳಗೇ ಎನ್‌ಎಫ್‌ಕೆಸಿ ಅನ್ನೋ ನಿಯಮದ ಪ್ರಕಾರ ಒಂದೇ ರೂಪಕ್ಕೆ ತರುತ್ತೆ. ಅಂದ್ರೆ 181 ಆಗಲಿ 956 ಆಗಲಿ ಎರಡೂ ಒಂದೇ ಮ್ಯೂ, 1013 ಮತ್ತು 949 ಎರಡೂ ಒಂದೇ ಎಪ್ಸಿಲಾನ್. ಜೂಲಿಯಾದಲ್ಲಿ ಎರಡು ವೇರಿಯೇಬಲ್ ಆಗಿದ್ದ ಎಪ್ಸಿಲಾನ್‌ಗಳು ಇಲ್ಲಿ ಒಂದೇ ಆಗಿಬಿಡ್ತವೆ, ಒಂದರ ಬೆಲೆ ಇನ್ನೊಂದರ ಮೇಲೆ ಬೀಳುತ್ತೆ, ಎರರ್ ಕೂಡ ಇಲ್ಲ. ಸರಿ ಒಂದು ಮಾಡುತ್ತಲ್ಲ, ಅನುಕೂಲಾನೇ ಅಂದ್ಕೊಂಡ್ರೆ, ಉದ್ಧರಣ ಚಿಹ್ನೆ ಒಳಗಿರೋ ಸ್ಟ್ರಿಂಗುಗಳಿಗೆ ಈ ನಿಯಮ ಅನ್ವಯಿಸಲ್ಲ. ಅಳತೆ ಯಂತ್ರದಿಂದ ಬಂದ ಸಿಎಸ್‌ವಿಯಲ್ಲಿ ಕಾಲಂ ಹೆಸರು ಮೈಕ್ರೋಮೀಟರ್ ಅಂತ 181ರಲ್ಲಿ ಇರುತ್ತೆ, ನಾವು ಪಾಂಡಾಸಲ್ಲಿ (ಟೇಬಲ್ ಓದೋ ಪೈಥಾನ್ ಲೈಬ್ರರಿ) 956ರ ಮ್ಯೂ ಹಾಕಿ ಆ ಕಾಲಂ ಕೇಳ್ತೀವಿ, ಕೀ ಎರರ್. ಸ್ಕ್ರೀನ್ ಮೇಲೆ ಎರಡೂ ಒಂದೇ ಥರ ಕಾಣ್ತಿರುತ್ತೆ, ಎಷ್ಟು ಕಣ್ಣು ಕಿರಿದು ಮಾಡಿ ನೋಡಿದ್ರೂ ವ್ಯತ್ಯಾಸ ಗೊತ್ತಾಗಲ್ಲ. ಇದಕ್ಕೆ ಮದ್ದು ಒಂದೇ, ಫೈಲ್ ಓದಿದ ಕೂಡಲೇ ಕಾಲಂ ಹೆಸರುಗಳನ್ನೆಲ್ಲ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಫಂಕ್ಷನಿಗೆ ಹಾಕಿ ಎನ್‌ಎಫ್‌ಕೆಸಿ ರೂಪಕ್ಕೆ ತಂದುಬಿಡಿ. ಅನುಮಾನ ಬಂದ ಅಕ್ಷರಕ್ಕೆ ಆರ್ಡ್ ಫಂಕ್ಷನ್ ಹಾಕಿದ್ರೆ ನಂಬರ್ ಹೇಳುತ್ತೆ, ಅಲ್ಲಿಗೆ ವಾದವೇ ಮುಗೀತು.

ವಿಂಡೋಸಲ್ಲಿ ಇನ್ನೊಂದು ಕಾಟ. ಪೈಥಾನಲ್ಲಿ ಫೈಲ್ ಓಪನ್ ಮಾಡುವಾಗ ಎನ್‌ಕೋಡಿಂಗ್ (ಅಕ್ಷರವನ್ನ ಬೈಟುಗಳಾಗಿ ಬರೆಯೋ ಪದ್ಧತಿ) ಹೇಳಲಿಲ್ಲ ಅಂದ್ರೆ ಅದು ಸಿಸ್ಟಮಿನ ಹಳೇ ಕೋಡ್ ಪೇಜ್, ಅಂದ್ರೆ ಹಳೇ ಅಕ್ಷರಪಟ್ಟಿ, ಹಿಡಿಯುತ್ತೆ, ನಮ್ಮ ಕಡೆ ಸಾಮಾನ್ಯವಾಗಿ 1252. ಆ ಪಟ್ಟಿಯಲ್ಲಿ ಮೈಕ್ರೋ ಚಿಹ್ನೆ ಇದೆ, ಆಲ್ಫಾ ಇಲ್ಲ, ಒಮೆಗಾ ಇಲ್ಲ. ಹಾಗಾಗಿ ಮೈಕ್ರೋ ಇರೋ ಫೈಲ್ ಸಲೀಸಾಗಿ ಸೇವ್ ಆಗುತ್ತೆ, ಒಮೆಗಾ ಬಂದ ತಕ್ಷಣ ಚಾರ್‌ಮ್ಯಾಪ್ ಎರರ್ ಬಂದು ನಿಲ್ಲುತ್ತೆ, ನಿನ್ನೆ ನಡೀತಿತ್ತು ಇವತ್ತು ಯಾಕಿಲ್ಲ ಅಂತ ತಲೆ ಕೆರ್ಕೊಳ್ಳೋದು ಇದಕ್ಕೇ. ಕನ್ಸೋಲಲ್ಲಿ ಪ್ರಿಂಟ್ ಮಾಡೋದು 3.6ರಿಂದ ಸರಿಹೋಗಿದೆ, ಆದ್ರೆ ಅದೇ ಔಟ್‌ಪುಟನ್ನ ಫೈಲಿಗೆ ತಿರುಗಿಸಿದ್ರೆ ಮತ್ತೆ 1252ಕ್ಕೆ ಬೀಳುತ್ತೆ. ಪ್ರತಿ ಓಪನ್‌ನಲ್ಲೂ ಯುಟಿಎಫ್-8 (ಯೂನಿಕೋಡಿನ ಎಲ್ಲಾ ಅಕ್ಷರ ಹಿಡಿಸೋ ಎನ್‌ಕೋಡಿಂಗ್) ಅಂತ ಬರೆಯೋದು ಒಂದು ದಾರಿ, ಪೈಥಾನ್‌ಯುಟಿಎಫ್8 ಅನ್ನೋ ಎನ್ವಿರಾನ್ಮೆಂಟ್ ವೇರಿಯೇಬಲಿಗೆ 1 ಕೊಟ್ಟುಬಿಡೋದು ಸೋಮಾರಿಗಳ ದಾರಿ, ನಾನು ಎರಡನೇದು. 3.15ರಿಂದ ಯುಟಿಎಫ್-8 ತಾನಾಗೇ ಡೀಫಾಲ್ಟ್ ಆಗೋ ಹಾಗೆ ನಿರ್ಧಾರ ಆಗಿದೆ.

ಇದಕ್ಕೆ ಉಲ್ಟಾ ಕೇಸೂ ಉಂಟು. ಹಳೇ ಯಂತ್ರದ ಸಿಎಸ್‌ವಿಯಲ್ಲಿ ಮೈಕ್ರೋ ಚಿಹ್ನೆ ಒಂದೇ ಬೈಟಲ್ಲಿ ಕೂತಿರುತ್ತೆ, ಪಾಂಡಾಸ್ ಅದನ್ನ ಯುಟಿಎಫ್-8 ಅಂದ್ಕೊಂಡು ಓದೋಕೆ ಹೋಗಿ ಮೊದಲ ಬೈಟೇ ತಪ್ಪು ಅಂತ ನಿಂತುಬಿಡುತ್ತೆ. ಎನ್‌ಕೋಡಿಂಗ್ ಜಾಗದಲ್ಲಿ ಲ್ಯಾಟಿನ್-1 ಅಂತ ಕೊಟ್ರೆ ಓದುತ್ತೆ. ನಾವು ಬರೆದ ಯುಟಿಎಫ್-8 ಸಿಎಸ್‌ವಿಯನ್ನ ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆಗೆಯೋರಿಗೆ ಕಳಿಸೋದಾದ್ರೆ ಯುಟಿಎಫ್-8-ಸಿಗ್ ಅಂತ ಸೇವ್ ಮಾಡಿ, ಇಲ್ಲಾಂದ್ರೆ ಹೆಡ್ಡಿಂಗ್ ಎಲ್ಲಾ ಹಾಳಾಗಿ ಕಾಣುತ್ತೆ ಅಂತ ಫೋನ್ ಬರುತ್ತೆ.

ಮ್ಯಾಥಮ್ಯಾಟಿಕಾ

ಕಣ್ಣಿಗೆ ಚೆಂದ ಅಂದ್ರೆ ಇದೇ. ಎಸ್ಕೇಪ್ ಒತ್ತಿ ಎ ಒತ್ತಿ ಮತ್ತೆ ಎಸ್ಕೇಪ್, ಆಲ್ಫಾ. ಎಸ್ಕೇಪ್ ಪಿ ಎಸ್ಕೇಪ್, ಪೈ, ಅದೂ ಬರೀ ಅಕ್ಷರ ಅಲ್ಲ, ನಿಜವಾದ ಪೈ ಬೆಲೆ. ಟ್ಯಾಬ್ ಪದ್ಧತಿಗಿಂತ ವೇಗ, ಪೂರ್ತಿ ಹೆಸರು ಬರೆಯೋ ಕೆಲಸ ಇಲ್ಲ. ನೋಟ್‌ಬುಕ್ ಫೈಲನ್ನ ಟೆಕ್ಸ್ಟ್ ಎಡಿಟರಲ್ಲಿ ತೆಗೆದು ನೋಡಿದ್ರೆ ಒಳಗೆ ಗ್ರೀಕ್ ಅಕ್ಷರವೇ ಇರಲ್ಲ, ಬ್ಯಾಕ್‌ಸ್ಲ್ಯಾಶ್ ಹಾಕಿ ಚೌಕ ಬ್ರಾಕೆಟ್ ಒಳಗೆ ಆಲ್ಫಾ ಅಂತ ಇಂಗ್ಲಿಷಲ್ಲಿ ಬರೆದಿರುತ್ತೆ. ಯುಟಿಎಫ್-8 ಜಗಳ ಎಲ್ಲಾ ಕಡೆ ಇತ್ಯರ್ಥ ಆಗೋಕೆ ಮುಂಚಿನಿಂದಲೂ ಇದ್ದ ಜಾಣತನ ಇದು, ಫೈಲನ್ನ ಯಾವ ಕಂಪ್ಯೂಟರಿಗೆ ಕಳಿಸಿದ್ರೂ ಅಕ್ಷರ ಹಾಳಾಗಲ್ಲ.

ತೊಂದರೆ ಇರೋದು ಅದರಿಂದ ಹೊರಗೆ ತರುವಾಗ. ಕೋಡ್ ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದ್ರೆ ಆ ಚೌಕ ಬ್ರಾಕೆಟ್ ಹೆಸರುಗಳೇ ಸಾಲಾಗಿ ಬಂದು ಬೀಳ್ತವೆ. ಜೊತೆಗೆ ಎಸ್ಕೇಪ್ ಇ ಇ ಎಸ್ಕೇಪ್ ಒತ್ತಿ ತರೋ ಘಾತಾಂಕದ ಇ, ಇಂಟಿಗ್ರಲ್ ಕೊನೆಯ ಡಿ, ಇಂಥ ಕೆಲವು ಚಿಹ್ನೆಗಳನ್ನ ಯೂನಿಕೋಡಿನ ಖಾಸಗಿ ಜಾಗದಲ್ಲಿ ಇಟ್ಟಿದ್ದಾರೆ, ಅಂದ್ರೆ ಆ ನಂಬರಿಗೆ ಏನರ್ಥ ಅಂತ ಅವರ ಫಾಂಟಿಗೆ ಮಾತ್ರ ಗೊತ್ತು, ವರ್ಡಿಗೆ ಹೋದ್ರೆ ಖಾಲಿ ಡಬ್ಬಿ. ಎಪ್ಸಿಲಾನ್ ಇಲ್ಲೂ ಎರಡು, ಎಸ್ಕೇಪ್ ಇ ಎಸ್ಕೇಪ್ ಅಂದ್ರೆ 1013, ಮಧ್ಯೆ ಸಿ ಇ ಅಂತ ಒತ್ತಿದ್ರೆ 949, ಎರಡೂ ಬೇರೆ ಬೇರೆ ಹೆಸರು. ಮ್ಯೂ ಮತ್ತು ಮೈಕ್ರೋ ಕೂಡ ಬೇರೆ ಬೇರೆ.

ಒಮೆಗಾ ಸೊನ್ನೆ ಬರೆಯೋಕೆ ಕಂಟ್ರೋಲ್ ಅಂಡರ್‌ಸ್ಕೋರ್ ಒತ್ತಿ ಕೆಳಗೆ ಸೊನ್ನೆ ಹಾಕಿದ್ರೆ ನೋಡೋಕೆ ಮುದ್ದಾಗಿದೆ, ಆದ್ರೆ ಒಳಗೆ ಅದು ಒಂದು ಹೆಸರಲ್ಲ, ಸಬ್‌ಸ್ಕ್ರಿಪ್ಟ್ ಅನ್ನೋ ಕವಚದೊಳಗೆ ಒಮೆಗಾ ಮತ್ತು ಸೊನ್ನೆ. ಎಲ್ಲೋ ಮೇಲೆ ಒಮೆಗಾಗೆ 3 ಅಂತ ಬೆಲೆ ಕೊಟ್ಟಿದ್ರೆ ಒಮೆಗಾ ಸೊನ್ನೆ ಹೋಗಿ ಮೂರು ಸೊನ್ನೆ ಆಗುತ್ತೆ. ಹೊರಗಿಂದ ಪುಸ್ತಕದ ಪುಟ ಥರ ಕಾಣೋದನ್ನೆಲ್ಲ ಪುಸ್ತಕದ ಅರ್ಥದಲ್ಲೇ ಓದುತ್ತೆ ಅಂತ ನಂಬೋ ಹಾಗಿಲ್ಲ. ನಾನಂತೂ ಇಲ್ಲಿ ಒಮೆಗಾ ಪಕ್ಕ ಮಾಮೂಲಿ ಸೊನ್ನೆ ಅಂಟಿಸಿ ಬರೀತೀನಿ.

ಮ್ಯಾಟ್‌ಲ್ಯಾಬ್, ಆಕ್ಟೇವ್, ಮತ್ತೆ ಉಳಿದವು

ಮ್ಯಾಟ್‌ಲ್ಯಾಬ್ ಈ ರಗಳೆಯೇ ಬೇಡ ಅಂತ ಬಾಗಿಲು ಹಾಕಿಬಿಟ್ಟಿದೆ. ವೇರಿಯೇಬಲ್ ಹೆಸರಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಬಿಟ್ರೆ ಏನೂ ಇಲ್ಲ, ಆಲ್ಫಾ ಪೇಸ್ಟ್ ಮಾಡಿದ್ರೆ ಅಮಾನ್ಯ ಅಕ್ಷರ ಅಂತ ಎರರ್. ಜೂಲಿಯಾ ಬಳಸಿ ಬಂದವರಿಗೆ ಇದು ಹಳೇ ಕಾಲದ್ದು ಅನ್ನಿಸಬಹುದು. ಆದ್ರೆ ಈ ಹೋಲಿಕೆಯಲ್ಲಿ ಕೋಡಿನ ಕಡೆಯಿಂದ ಅತಿ ಕಡಿಮೆ ತಕರಾರು ಬಂದಿದ್ದು ಇಲ್ಲೇ, ಯಾಕಂದ್ರೆ ಅವಳಿ ಅಕ್ಷರಗಳ ಸಮಸ್ಯೆ ಹುಟ್ಟೋಕೆ ಜಾಗವೇ ಇಲ್ಲ. ಗ್ರಾಫಿನ ಲೇಬಲಲ್ಲಿ ಬ್ಯಾಕ್‌ಸ್ಲ್ಯಾಶ್ ಒಮೆಗಾ, ಅಂಡರ್‌ಸ್ಕೋರ್, ಸೊನ್ನೆ ಅಂತ ಬರೆದ್ರೆ ಅದನ್ನ ಟೆಕ್ (ಲೇಟೆಕ್‌ನ ಮೂಲ) ಬರಹ ಅಂತ ಅರ್ಥ ಮಾಡ್ಕೊಂಡು ಸರಿಯಾಗಿ ತೋರಿಸುತ್ತೆ, ಬೇರೆ ಏನೂ ಸೆಟ್ಟಿಂಗ್ ಬೇಡ. ಅದೇ ಕಾರಣಕ್ಕೆ ಫೈಲ್ ಹೆಸರನ್ನ ಟೈಟಲ್ಲಾಗಿ ಹಾಕಿದಾಗ ಅಂಡರ್‌ಸ್ಕೋರ್ ಆದಮೇಲಿನ ಅಕ್ಷರ ಕೆಳಗೆ ಇಳಿದುಬಿಡುತ್ತೆ, ಆಗ ಇಂಟರ್‌ಪ್ರಿಟರ್ ಆಫ್ ಮಾಡಬೇಕು. ಹಳೇ ಫೈಲುಗಳ ಕಾಮೆಂಟಲ್ಲಿ ಮೈಕ್ರೋ ಚಿಹ್ನೆ ಹಾಳಾಗಿದ್ರೆ ಆಶ್ಚರ್ಯ ಬೇಡ, 2020ರ ಎ ರಿಲೀಸಿಂದ ಹೊಸ ಫೈಲುಗಳಿಗೆ ಯುಟಿಎಫ್-8 ಡೀಫಾಲ್ಟ್ ಆಯ್ತು, ಅದಕ್ಕೂ ಹಿಂದಿನದು ಸಿಸ್ಟಮ್ ಕೋಡ್ ಪೇಜಲ್ಲಿ ಇರುತ್ತೆ. ಮ್ಯಾಟ್‌ಲ್ಯಾಬ್ ಥರದ್ದೇ ಉಚಿತ ಸಾಫ್ಟ್‌ವೇರ್ ಆಕ್ಟೇವ್ ಕೂಡ ಇದೇ ದಾರಿ, ಹೆಸರು ಇಂಗ್ಲಿಷಲ್ಲಿ, ಲೇಬಲ್ ಟೆಕ್ಕಲ್ಲಿ.

ಮ್ಯಾಕ್ಸಿಮಾ ಮುದುಕ, 1960ರ ದಶಕದ ಕೊನೆಯಲ್ಲಿ ಎಂಐಟಿಯಲ್ಲಿ ಶುರುವಾದ ಒಂದು ಬೀಜಗಣಿತ ಪ್ರೋಗ್ರಾಂನ ವಂಶ. ಡಬ್ಲ್ಯುಎಕ್ಸ್‌ಮ್ಯಾಕ್ಸಿಮಾ ಅನ್ನೋ ಮುಖವಾಡದಲ್ಲಿ ಒಮೆಗಾ ಅಂಡರ್‌ಸ್ಕೋರ್ ಸೊನ್ನೆ ಅಂತ ಇಂಗ್ಲಿಷಲ್ಲೇ ಬರೆದ್ರೆ ಔಟ್‌ಪುಟಲ್ಲಿ ಗ್ರೀಕ್ ಒಮೆಗಾ, ಕೆಳಗೆ ಸೊನ್ನೆ, ತಾನೇ ತಾನಾಗಿ. ನನಗೆ ಅತಿ ಇಷ್ಟವಾದ ವ್ಯವಸ್ಥೆ ಇದು: ಫೈಲಲ್ಲಿ ಇಂಗ್ಲಿಷ್, ಕಣ್ಣಿಗೆ ಗ್ರೀಕ್. ಸೇಜ್ ಅನ್ನೋ ಗಣಿತ ಸಾಫ್ಟ್‌ವೇರಲ್ಲೂ ಹೆಚ್ಚುಕಮ್ಮಿ ಹೀಗೇ, ಶೋ ಅಂದಾಗ ಲೇಟೆಕ್ ರೂಪದಲ್ಲಿ ತೋರಿಸುತ್ತೆ.

ಮೇಷ್ಟ್ರುಗಳು ಕ್ಲಾಸಲ್ಲಿ ಬಳಸೋ ಜಿಯೋಜಿಬ್ರಾದಲ್ಲಿ ಆಲ್ಟ್ ಹಿಡಿದು ಎ ಒತ್ತಿದ್ರೆ ಆಲ್ಫಾ, ಪಿ ಒತ್ತಿದ್ರೆ ಪೈ, ಓ ಒತ್ತಿದ್ರೆ ಡಿಗ್ರಿ. ಡೆಸ್ಮಾಸಲ್ಲಿ ಥೀಟಾ ಅಂತ ಇಂಗ್ಲಿಷಲ್ಲಿ ಬರೀತಿದ್ದ ಹಾಗೇ ಅಕ್ಷರ ಬದಲಾಗುತ್ತೆ. ಎರಡರಲ್ಲೂ ದೂರಲು ಏನೂ ಸಿಗಲಿಲ್ಲ.

ಆರ್ ಭಾಷೆ ನಾನು ಕಮ್ಮಿ ಬಳಸೋದು, ಆದ್ರೂ ಹೇಳ್ಬೇಕಾದ್ದು ಎರಡಿದೆ. ವಿಂಡೋಸಲ್ಲಿ 4.2ಕ್ಕಿಂತ ಹಳೇದು ಇದ್ರೆ ಅಪ್‌ಡೇಟ್ ಮಾಡಿ, 2022ರ ಆ ವರ್ಷನಿಂದ ಯುಟಿಎಫ್-8 ಸರಿಯಾಗಿ ಬಂತು. ಗ್ರಾಫನ್ನ ಪಿಡಿಎಫ್ ಮಾಡಿದಾಗ ಗ್ರೀಕ್ ಜಾಗದಲ್ಲಿ ಚುಕ್ಕಿ ಬಂದ್ರೆ ಮಾಮೂಲಿ ಪಿಡಿಎಫ್ ಬದಲು ಕೈರೋ ಪಿಡಿಎಫ್ ಬಳಸಿ.

ಕೀಬೋರ್ಡಿಂದ ನೇರವಾಗಿ ಹೊಡೆಯೋದು

ಸಾಫ್ಟ್‌ವೇರ್ ಯಾವುದಾದ್ರೂ ಇರಲಿ, ಗ್ರೀಕ್ ಕೀಬೋರ್ಡೇ ಹಾಕ್ಕೊಂಡ್ರೆ ಆಯ್ತಲ್ಲ ಅಂತ ಕೆಲವರು. ನಾನೂ ಹಾಕಿ ನೋಡಿದೆ. ಈಗಾಗ್ಲೇ ಇಂಗ್ಲಿಷ್, ಕನ್ನಡ ಎರಡು ಲೇಔಟ್ ಇರೋರಿಗೆ ವಿಂಡೋಸ್ ಕೀ ಸ್ಪೇಸ್ ಒತ್ತಿ ಒತ್ತಿ ಮೂರರ ಮಧ್ಯೆ ತಿರುಗೋದು ದೊಡ್ಡ ಹಿಂಸೆ. ಎ, ಬಿ, ಡಿ, ಎಲ್ ಎಲ್ಲಾ ಊಹಿಸಿದ ಜಾಗದಲ್ಲೇ ಇವೆ, ಆದ್ರೆ ಥೀಟಾ ಯು ಮೇಲೆ, ಸೈ ಸಿ ಮೇಲೆ, ಒಮೆಗಾ ವಿ ಮೇಲೆ, ಕ್ಯೂ ಒತ್ತಿದ್ರೆ ಸೆಮಿಕೋಲನ್. ಅಸಲಿ ಅಪಾಯ ಇದಲ್ಲ. ಲೇಔಟ್ ವಾಪಸ್ ಬದಲಿಸೋದು ಮರೆತು ದೊಡ್ಡ ಎ ಒತ್ತಿದ್ರೆ 65 ಬದಲು 913ರ ಗ್ರೀಕ್ ಎ ಬರುತ್ತೆ, ನೋಡೋಕೆ ಅಚ್ಚು ಅದೇ, ಮ್ಯಾಟ್ರಿಕ್ಸ್ ಎ ಅಂತ ಇಟ್ಟ ಹೆಸರು ಮುಂದಿನ ಸಾಲಲ್ಲಿ ಸಿಗಲ್ಲ. ಓಮಿಕ್ರಾನ್ ಮತ್ತು ಓ, ನ್ಯೂ ಮತ್ತು ವಿ, ಎಲ್ಲಾ ಇದೇ ಜಾತಿ. ವಿಎಸ್ ಕೋಡಿನ ಹಳದಿ ಚೌಕ ಆಫ್ ಮಾಡಬೇಡಿ ಅಂದಿದ್ದು ಇದಕ್ಕೇ.

ಮ್ಯಾಕ್‌ನಲ್ಲಿ ಆಪ್ಶನ್ ಎಂ ಒತ್ತಿದ್ರೆ ಬರೋದು 181ರ ಮೈಕ್ರೋ, ಆಪ್ಶನ್ ಡಬ್ಲ್ಯು ಒತ್ತಿದ್ರೆ ಸಿಗ್ಮಾ ಅಲ್ಲ ಸಮ್ಮೇಷನ್, ಆಪ್ಶನ್ ಜೆ ಒತ್ತಿದ್ರೆ ಡೆಲ್ಟಾ ಅಲ್ಲ ಇನ್ಕ್ರಿಮೆಂಟ್. ಮ್ಯಾಕ್ ಇರೋರು ವಿಂಡೋಸ್ ಇರೋರು ಸೇರಿ ಒಂದೇ ಕೋಡ್ ಬರೀತಿದ್ರೆ ಇದನ್ನ ಮೊದಲೇ ಮಾತಾಡ್ಕೊಳ್ಳಿ. ವಿಮ್ ಬಳಸೋರು ಕಂಟ್ರೋಲ್ ಕೆ ಒತ್ತಿ ಎ ಮತ್ತು ಸ್ಟಾರ್ ಒತ್ತಿದ್ರೆ ಆಲ್ಫಾ, ಈಮ್ಯಾಕ್ಸಲ್ಲಿ ಇನ್‌ಪುಟ್ ಮೆಥಡನ್ನ ಟೆಕ್ ಅಂತ ಇಟ್ರೆ ಸಾಕು. ಎಡಿಟರ್ ಒಳಗಿನ ಈ ಪದ್ಧತಿಗಳು ಲೇಔಟ್ ಬದಲಿಸೋದಕ್ಕಿಂತ ಎಷ್ಟೋ ವಾಸಿ.

ತಪ್ಪಾಗಿ ಕಂಡಾಗ ಮೊದಲು ಏನು ನೋಡೋದು

ಏನು ಕಾಣ್ತಿದೆ ಅನ್ನೋದರ ಮೇಲೆ ರೋಗ ಹೇಳಬಹುದು. ಖಾಲಿ ಡಬ್ಬಿ ಕಂಡ್ರೆ ಅಕ್ಷರ ಕ್ಷೇಮವಾಗಿದೆ, ಫಾಂಟಲ್ಲಿ ಅದರ ಚಿತ್ರ ಇಲ್ಲ ಅಷ್ಟೇ, ಡೆಜಾವು ಸಾನ್ಸ್ ಮೋನೋ ಅಥವಾ ಜೂಲಿಯಾಮೋನೋ ಹಾಕಿ. ಕನ್ಸೋಲಾಸಲ್ಲಿ ಗ್ರೀಕ್ ಇದೆ, ಗಣಿತದ ಚಿಹ್ನೆಗಳೆಲ್ಲ ಇಲ್ಲ. ತಲೆ ಮೇಲೆ ಟೋಪಿ ಇರೋ ದೊಡ್ಡ ಐ, ಪಕ್ಕದಲ್ಲಿ ಪ್ಲಸ್ ಮೈನಸ್ ಗುರುತು ಕಂಡ್ರೆ ಅದು ಆಲ್ಫಾ, ಯುಟಿಎಫ್-8 ಫೈಲನ್ನ 1252 ಅಂತ ಓದಿದ್ದಾರೆ. ಟೋಪಿ ಐ ಪಕ್ಕ ಕಾಲು ಭಾಗದ ಗುರುತು ಇದ್ರೆ ಮ್ಯೂ. ಎರಡು ಚುಕ್ಕಿಯ ಐ ಪಕ್ಕ ಯೂರೋ ಇದ್ರೆ ಪೈ. ಇದೂ ವಾಪಸ್ ಸರಿ ಮಾಡಬಹುದು, ಸರಿಯಾದ ಎನ್‌ಕೋಡಿಂಗಲ್ಲಿ ಮತ್ತೆ ತೆಗೆದ್ರೆ ಆಯ್ತು, ಮಧ್ಯೆ ಸೇವ್ ಮಾತ್ರ ಮಾಡಬೇಡಿ. ಕಪ್ಪು ವಜ್ರದಾಕಾರದೊಳಗೆ ಪ್ರಶ್ನೆ ಚಿಹ್ನೆ ಇದ್ರೆ ಓದೋವಾಗ ಎಡವಿದೆ, ಮೂಲ ಫೈಲ್ ಇನ್ನೂ ಚೆನ್ನಾಗಿರಬಹುದು. ಬರೀ ಮಾಮೂಲಿ ಪ್ರಶ್ನೆ ಚಿಹ್ನೆ ಇದ್ರೆ ಮುಗೀತು, ಬರೆಯೋವಾಗಲೇ ಅಕ್ಷರ ಹೋಗಿದೆ, ಫೈಲಲ್ಲಿ ನಿಜವಾಗ್ಲೂ ಪ್ರಶ್ನೆ ಚಿಹ್ನೆಯೇ ಇದೆ, ಹಳೇ ಕಾಪಿ ಹುಡುಕಿ.

ಇದ್ಯಾವುದೂ ಅಲ್ಲದೆ ಗ್ರೀಕ್ ಜಾಗದಲ್ಲಿ ಮಾಮೂಲಿ ಇಂಗ್ಲಿಷ್ ಎ, ಬಿ, ಎಂ ಕಾಣ್ತಿದ್ರೆ ಅದು ಸಿಂಬಲ್ ಫಾಂಟಿನ ಕಾಲದ ಫೈಲು. ನುಡಿಯ ಹಳೇ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆಗೆದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ, ಒಳಗಿರೋದು ಇಂಗ್ಲಿಷ್ ಅಕ್ಷರದ ಕೋಡು, ಮೇಲೆ ಫಾಂಟಿನ ವೇಷ. ಸಿಂಬಲ್ ಫಾಂಟಲ್ಲಿ ಎಂ ಒತ್ತಿದ್ರೆ ಮ್ಯೂ ಕಾಣುತ್ತೆ, ಪೇಸ್ಟ್ ಮಾಡೋವಾಗ ಫಾಂಟ್ ಕಳಚಿಕೊಂಡ್ರೆ ಮೈಕ್ರೋಗ್ರಾಂ ಹೋಗಿ ಮಿಲಿಗ್ರಾಂ ಆಗುತ್ತೆ, ಸಾವಿರ ಪಟ್ಟು ವ್ಯತ್ಯಾಸ, ಅದೂ ಎರರ್ ಇಲ್ಲದೆ. ವರ್ಡಲ್ಲಿ ಬರೀಬೇಕಾದ್ರೆ ಸೊನ್ನೆ ಮೂರು ಬಿ ಒಂದು ಅಂತ ಟೈಪ್ ಮಾಡಿ ಆಲ್ಟ್ ಎಕ್ಸ್ ಒತ್ತಿ, ಅಸಲಿ ಯೂನಿಕೋಡ್ ಆಲ್ಫಾ ಬರುತ್ತೆ.

ಲೇಟೆಕ್ ಮತ್ತು ಗ್ರಾಫು

ಕೋಡನ್ನ ರಿಪೋರ್ಟಿಗೆ ಹಾಕೋವಾಗ ಅತ್ತ ದರಿ ಇತ್ತ ಪುಲಿ. ಪಿಡಿಎಫ್‌ಲೇಟೆಕ್‌ನಲ್ಲಿ ನೇರವಾಗಿ ಆಲ್ಫಾ ಅಕ್ಷರ ಇದ್ರೆ ಈ ಯೂನಿಕೋಡ್ ಅಕ್ಷರಕ್ಕೆ ವ್ಯವಸ್ಥೆ ಇಲ್ಲ ಅಂತ ಎರರ್ ಕೊಟ್ಟು ನಿಲ್ಲುತ್ತೆ. ಲೇಟೆಕ್‌ನದೇ ಬೇರೆ ರೂಪಗಳಾದ ಝೀಲೇಟೆಕ್ ಅಥವಾ ಲುವಾಲೇಟೆಕ್‌ಗೆ ಹೋದ್ರೆ ಎರರ್ ಇಲ್ಲ, ಆದ್ರೆ ಡೀಫಾಲ್ಟ್ ಫಾಂಟಲ್ಲಿ ಗ್ರೀಕ್ ಇಲ್ಲದ ಕಾರಣ ಅಕ್ಷರ ಸದ್ದಿಲ್ಲದೆ ಮಾಯ, ಲಾಗ್ ಫೈಲಲ್ಲಿ ಒಂದು ಸಾಲು ಬಿಟ್ರೆ ಗುರುತೇ ಇಲ್ಲ. ನನ್ನ ಮಟ್ಟಿಗೆ ಎರರ್ ಕೊಡೋದೇ ಮೇಲು. ಜೂಲಿಯಾ ಕೋಡ್ ಹಾಕೋದೇ ಆದ್ರೆ ಲುವಾಲೇಟೆಕ್ ಜೊತೆ ಜೂಲಿಯಾಮೋನೋ ಫಾಂಟ್ ಸೆಟ್ ಮಾಡ್ಕೊಳ್ಳಿ, ಬೇರೆ ಸರ್ಕಸ್ ಮಾಡೋಕೆ ಹೋಗಬೇಡಿ.

ಪೈಥಾನಲ್ಲಿ ಗ್ರಾಫ್ ಹಾಕೋ ಮ್ಯಾಟ್‌ಪ್ಲಾಟ್‌ಲಿಬ್‌ನ ಡೀಫಾಲ್ಟ್ ಫಾಂಟ್ ಡೆಜಾವು ಸಾನ್ಸ್, ಅದರಲ್ಲಿ ಗ್ರೀಕ್ ಪೂರ್ತಿ ಇದೆ, ಹಾಗಾಗಿ ಫಾಂಟ್ ಬದಲಿಸೋವರೆಗೂ ಏನೂ ತೊಂದರೆ ಇಲ್ಲ. ಬದಲಿಸಿದ ಮೇಲೆ ಅಕ್ಷದ ಮೇಲಿನ ಮೈನಸ್ ಕೂಡ ಡಬ್ಬಿ ಆಗಬಹುದು, ಅದು ಗಣಿತದ ಮೈನಸ್ ಬಳಸೋದ್ರಿಂದ, ಯೂನಿಕೋಡ್ ಮೈನಸ್ ಅನ್ನೋ ಸೆಟ್ಟಿಂಗನ್ನ ಫಾಲ್ಸ್ ಮಾಡಿದ್ರೆ ಸರಿಹೋಗುತ್ತೆ. ಲೇಬಲಲ್ಲಿ ಗ್ರೀಕ್ ಅಕ್ಷರ ಪೇಸ್ಟ್ ಮಾಡೋ ಬದಲು ಡಾಲರ್ ಗುರುತಿನ ಮಧ್ಯೆ ಲೇಟೆಕ್ ಹೆಸರು ಬರೆಯೋದು ಒಳ್ಳೇದು, ಫಾಂಟ್ ಏನೇ ಇರಲಿ ಗ್ರೀಕ್ ಬರುತ್ತೆ.

ನಾವು ಫಾಂಟ್ ಬದಲಿಸೋದು ಯಾವಾಗ ಅಂದ್ರೆ ಗ್ರಾಫಲ್ಲಿ ಕನ್ನಡ ಬೇಕಾದಾಗ. ಡೆಜಾವುನಲ್ಲಿ ಕನ್ನಡ ಇಲ್ಲ, ನೋಟೋ ಸಾನ್ಸ್ ಕನ್ನಡದಲ್ಲಿ ಗ್ರೀಕ್ ಇಲ್ಲ. ಮ್ಯಾಟ್‌ಪ್ಲಾಟ್‌ಲಿಬ್ 3.6ರಿಂದ ಫಾಂಟುಗಳ ಪಟ್ಟಿ ಕೊಡಬಹುದು, ಒಂದರಲ್ಲಿ ಇಲ್ಲದ್ದು ಇನ್ನೊಂದರಿಂದ ತಗೊಳುತ್ತೆ, ಹಾಗಾಗಿ ಎರಡೂ ಒಟ್ಟಿಗೆ ಬರುತ್ತೆ. ಬಂದ್ರೂ ನನ್ನ ಹತ್ರ ಇರೋ ವರ್ಷನಲ್ಲಿ ಒತ್ತಕ್ಷರ ಕೂರಲ್ಲ, ಆವರ್ತನ ಅಂತ ಬರೆದ್ರೆ ಅರ್ಕಾವತ್ತು ತನ್ನ ಜಾಗ ಬಿಟ್ಟು ಎಲ್ಲೋ ನಿಂತಿರುತ್ತೆ. ಗ್ರೀಕ್‌ಗೆ ಅಕ್ಷರಕ್ಕೊಂದು ಚಿತ್ರ ಇಟ್ರೆ ಸಾಕು, ಕನ್ನಡಕ್ಕೆ ಅಕ್ಷರ ಜೋಡಿಸೋ ಲೆಕ್ಕ ಬೇಕು, ಅದು ಅಲ್ಲಿಲ್ಲ. ಪೈಥಾನಲ್ಲಿ ವೇರಿಯೇಬಲಿಗೇ ಕನ್ನಡದಲ್ಲಿ ವೇಗ ಅಂತ ಹೆಸರಿಟ್ರೆ ನಡೆಯುತ್ತೆ, ಆದ್ರೆ ಪದದ ಮಧ್ಯೆ ಕಣ್ಣಿಗೆ ಕಾಣದ ಜೋಡಕ ಗುರುತು ಇದ್ರೆ ಎರರ್, ಕನ್ನಡ ಕೀಬೋರ್ಡುಗಳು ಅದನ್ನ ಧಾರಾಳವಾಗಿ ಹಾಕ್ತವೆ.

ಗ್ರಾಫಲ್ಲಿ ಕನ್ನಡ, ಗ್ರೀಕ್ ಎರಡೂ ಸರಿಯಾಗಿ ಬರಬೇಕು ಅಂದ್ರೆ ನನಗೆ ಕೆಲಸ ಮಾಡಿದ್ದು ಮ್ಯಾಟ್‌ಪ್ಲಾಟ್‌ಲಿಬ್‌ನ ಪಿಜಿಎಫ್ ಬ್ಯಾಕೆಂಡ್. ಅದು ಅಕ್ಷರ ಬರೆಯೋ ಕೆಲಸವನ್ನ ಝೀಲೇಟೆಕ್‌ಗೆ ವಹಿಸುತ್ತೆ, ಫಾಂಟ್‌ಸ್ಪೆಕ್ ಅನ್ನೋ ಲೇಟೆಕ್ ಪ್ಯಾಕೇಜಲ್ಲಿ ನೋಟೋ ಫಾಂಟ್ ಕೊಟ್ಟು ಸ್ಕ್ರಿಪ್ಟ್ ಕನ್ನಡ ಅಂತ ಹೇಳಿದ್ರೆ ಒತ್ತು, ಅರ್ಕಾವತ್ತು ಎಲ್ಲಾ ಸರಿಯಾಗಿ ಕೂರುತ್ತೆ, ಗ್ರೀಕ್ ಡಾಲರ್ ಒಳಗೆ ಬರುತ್ತೆ. ಲುವಾಲೇಟೆಕ್ ಬಳಸೋರು ರೆಂಡರರ್ ಹಾರ್ಫ್‌ಬಜ್ ಅಂತಾನೂ ಸೇರಿಸಬೇಕು. ಪ್ರತಿ ಗ್ರಾಫಿಗೂ ಹಿಂದೆ ಒಂದು ಲೇಟೆಕ್ ಓಡೋದ್ರಿಂದ ನಿಧಾನ, ಹಾಗಾಗಿ ಲೆಕ್ಕ ಮಾಡ್ತಿರುವಾಗ ಇಂಗ್ಲಿಷ್ ಲೇಬಲ್ ಇಟ್ಕೊಂಡು ಕೊನೆಗೆ ಪ್ರಿಂಟಿಗೆ ಕಳಿಸೋವಾಗ ಮಾತ್ರ ಇದನ್ನ ಆನ್ ಮಾಡ್ಕೊಳ್ಳಿ.